ಹೆಸರುಗಳು ಓಡುವಾಗ ಕತ್ತಲೆ ಕಾಯುವವರು

ಬೆಳಗಿನ ಜಾವ. ಊರಿನ್ನೂ ಮಗ್ಗುಲು ಬದಲಿಸುತ್ತಿರುವಾಗ ಚಿತ್ರಮಂದಿರದೊಳಗೆ ಆರು ಮಂದಿ ಮಹಾವೀರರು ಸೇರಿ ಲೋಕವನ್ನು ಉಳಿಸುತ್ತಿದ್ದಾರೆ. ಬಿಡುಗಡೆಯ ಮೊದಲ ಆಟ. ಒಬ್ಬೊಬ್ಬ ವೀರ ಬಂದಾಗಲೂ ಜನ ಕುರ್ಚಿ ಹತ್ತುತ್ತಾರೆ, ಚೂರು ಕಾಗದ ತೂರುತ್ತಾರೆ. ಹಿಂಬಾಗಿಲ ಬಳಿ ಪೊರಕೆ ಹಿಡಿದು ನಿಂತ ಟಾರ್ಚಕ್ಕ ಮಾತ್ರ ತೆರೆಯನ್ನಲ್ಲ, ನೆಲವನ್ನು ನೋಡುತ್ತಿದ್ದಾರೆ.

"ಲೋಕ ಉಳಿಸೋಕೆ ಆರು ಜನ. ಗುಡಿಸೋಕೆ ಇಬ್ರು. ಯಾವ ನ್ಯಾಯ ಹೇಳಿ?" ಎನ್ನುತ್ತಾರೆ, ವರದಿಗೆಂದು ಬಂದು ಪಕ್ಕದಲ್ಲಿ ನಿಂತ ನನಗೆ.

ಹಿಂದೆ ಟಾರ್ಚ್ ಹಿಡಿದು ಸೀಟು ತೋರಿಸುತ್ತಿದ್ದವರು. ಈಗ ಎಲ್ಲರ ಫೋನಿನಲ್ಲೂ ಬೆಳಕಿದೆ. ಟಾರ್ಚ್ ಹೋಗಿ ಹೆಸರು ಉಳಿದಿದೆ. ಆಟ ಮುಗಿದೊಡನೆ ದೀಪ ಹಾಕುವುದು, ಮುಂದಿನವರು ನುಗ್ಗುವ ಮೊದಲು ಗುಡಿಸಿ ಮುಗಿಸುವುದು ಈಗಿನ ಕೆಲಸ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಗಂಡನಿಗೆ ಬೇಕರಿಯಲ್ಲಿ ಸಂಜೆ ಪಾಳಿ. ಹಾಗಾಗಿ ಅಕ್ಕನಿಗೆ ಬೆಳಗಿನ ಪಾಳಿಯೇ ಆಗಬೇಕು.

ಆ ಪಾಳಿಗೆ ಕುತ್ತು ಬಂದದ್ದು ಇದೇ ವೀರರ ಹಿಂದಿನ ಚಿತ್ರದಲ್ಲಿ. ಕೊನೆಗೆ ತೆರೆಯ ಮೇಲೆ ಚಿತ್ರ ಮಾಡಿದವರ ಹೆಸರುಗಳು ಓಡತೊಡಗಿದ್ದೇ ತಡ, ರೂಢಿಯಂತೆ ಫಟ್ಟನೆ ದೀಪ ಹಾಕಿದರು. ಈ ಚಿತ್ರಗಳಲ್ಲಿ ಹೆಸರೆಲ್ಲ ಮುಗಿದ ಮೇಲೂ ಒಂದು ತುಣುಕು ಬಾಲದಂತೆ ಅಂಟಿಕೊಂಡಿರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. "ಆ ಖಳನಾಯಕನಿಗೂ ಜನ ಅಷ್ಟು ಬೈದಿರ್ಲಿಲ್ಲ ರೀ, ನನಗೆ ಬೈದಷ್ಟು." ಇನ್ನೊಂದು ಸಲ ಹೀಗಾದರೆ ಪಾರ್ಕಿಂಗ್‌ಗೆ, ಸಂಜೆ ಪಾಳಿಗೆ ಎಂದರು ಸೂಪರ್‌ವೈಸರ್.

ಅಂದಿನಿಂದ ಅಕ್ಕ ನೋಡುವುದು ಕಾಲುಗಳನ್ನು. ಕತ್ತಲಲ್ಲಿ ಜನ ಚಪ್ಪಲಿ ಕಳಚಿ ಕೂರುತ್ತಾರೆ. ಕಾಲು ಚಪ್ಪಲಿ ಹುಡುಕಿದರೆ ಚಿತ್ರ ಮುಗಿಯಿತೆಂದು ಲೆಕ್ಕ. ಇಂದು ಆ ಲೆಕ್ಕ ಕೈಕೊಟ್ಟಿದೆ. ಕುಣಿಯಲು ಬಂದವರು ಯಾರೂ ಚಪ್ಪಲಿ ಕಳಚಿಯೇ ಇಲ್ಲ.

ಹೆಸರುಗಳು ಓಡುತ್ತಿವೆ. ಒಂದು ತುಣುಕು ಬಂದುಹೋಗಿದೆ, ಅರ್ಧ ಜನ ಎದ್ದಿದ್ದಾರೆ. ಕೊನೆಯ ಸಾಲಿನಲ್ಲಿ ಮುಖವಾಡ ಹಾಕಿ ಕುಳಿತ ನಡುವಯಸ್ಕನೊಬ್ಬನ ಕಿವಿಯ ಬಳಿ ಅಕ್ಕ ಬಗ್ಗುತ್ತಾರೆ.

"ಮುಗೀತೇನಪ್ಪ?"

"ಸುಮ್ನಿರಿ ಆಂಟಿ, ಇನ್ನೊಂದಿದೆ."

"ಖಂಡಿತಾನಾ?"

"ಯಾರಿಗೆ ಗೊತ್ತು!"

ಅಷ್ಟರಲ್ಲಿ ಸೂಪರ್‌ವೈಸರ್ ಒಳಗೆ ಬರುತ್ತಾರೆ. "ಲೈಟ್ ಹಾಕ್ರೀ ಅಕ್ಕ! ಹೊರಗಿನವರು ಬಾಗಿಲು ಮುರೀತಾರೆ." ಅವರೇ ಸ್ವಿಚ್ಚಿಗೆ ಕೈ ಚಾಚುತ್ತಾರೆ. ಅಕ್ಕ ಸ್ವಿಚ್ಚಿನ ಮೇಲೆ ಅಂಗೈ ಇಟ್ಟು ಮುಚ್ಚುತ್ತಾರೆ.

"ಇಷ್ಟು ಜನ ಸುಮ್ಸುಮ್ನೆ ಕೂತಿರಲ್ಲ ಸಾರ್. ಸ್ವಲ್ಪ ತಡೀರಿ. ಏನೂ ಬರ್ಲಿಲ್ಲ ಅಂದ್ರೆ ಇವತ್ತೇ ಪಾರ್ಕಿಂಗ್‌ಗೆ ಹಾಕಿ."

ತೆರೆ ಕಪ್ಪಾಗುತ್ತದೆ. ಮೂಲೆಯಲ್ಲಿ ಯಾರೋ ಕೆಮ್ಮುತ್ತಾರೆ. ಆಮೇಲೆ, ಸತ್ತನೆಂದು ಎಲ್ಲರೂ ಅತ್ತಿದ್ದ ವೀರ ಒಂದು ಕಣ್ಣು ತೆರೆಯುತ್ತಾನೆ.

ಚಾವಣಿ ಹಾರಿಹೋಗುವಂಥ ಕೂಗು. "ಬದುಕಿದಾನೆ! ಅಕ್ಕ, ಬದುಕಿದಾನೆ!" ಎಂದು ಅವರ ಮಣಿಕಟ್ಟು ಹಿಡಿದು ಅಲ್ಲಾಡಿಸುತ್ತಿರುವುದು ಸೂಪರ್‌ವೈಸರ್. ಮರುಕ್ಷಣ ಕೈ ಬಿಟ್ಟು, ಗಂಟಲು ಸರಿಮಾಡಿಕೊಂಡು, "ಬೇಗ ಗುಡಿಸಿ, ಲೇಟಾಯ್ತು," ಎನ್ನುತ್ತಾರೆ. ಪಾರ್ಕಿಂಗ್ ಮಾತು ಎತ್ತುವುದಿಲ್ಲ.

ಅಕ್ಕ ದೀಪ ಹಾಕುತ್ತಾರೆ. ಸಾಲಿನ ನಡುವೆ ಬಗ್ಗಿ ಪೊರಕೆ ಆಡಿಸುತ್ತಲೇ, ಬಹಳ ದಿನದಿಂದ ಯಾರನ್ನಾದರೂ ಕೇಳಬೇಕೆಂದಿದ್ದಂತೆ ನನ್ನನ್ನು ಕೇಳುತ್ತಾರೆ: "ಅಷ್ಟೊಂದು ಹೆಸರು ಓಡುತ್ತಲ್ಲ, ನೀವು ಓದಿದೋರು ಒಂದ್ಸಲ ನೋಡಿ ಹೇಳಿ. ಅಷ್ಟು ಜನ ಓಡಾಡಿದ ಜಾಗಾನ ಯಾರೋ ಗುಡಿಸಿರ್ಬೇಕಲ್ವಾ? ಅವರ ಹೆಸರು ಹಾಕಿದಾರಾ?"