ಖಾತ್ರಿಯಾದದ್ದು ಎಷ್ಟು

ಕುಂಬಾರಕೊಪ್ಪಲಿನ ರುದ್ರಸ್ವಾಮಿ ಮೈಸೂರಿನ ಒಂದು ಸಂಜೆ ಪತ್ರಿಕೆಯಲ್ಲಿ ಮೂವತ್ತೊಂದು ವರ್ಷದಿಂದ ಕರಡು ತಿದ್ದುತ್ತಿದ್ದಾರೆ. ಮೊದಮೊದಲು ಅವರ ಕೆಲಸ ತಾಳೆ ನೋಡುವುದಷ್ಟೇ: ವರದಿಗಾರ ಬರೆದದ್ದೂ ಅಚ್ಚಿಗೆ ಹೋಗುವುದೂ ಒಂದೇ ಇದೆಯೇ ಎಂದು. ಒಮ್ಮೆ ನಲ್ಲಿ ನೀರು ಬಾರದ ಬಡಾವಣೆಗಳ ಪಟ್ಟಿಯಲ್ಲಿ ರಾಜೀವನಗರದ ಹೆಸರು ಬಿಟ್ಟುಹೋಯಿತು. ವರದಿಗಾರ ಬರೆದುಕೊಟ್ಟದ್ದರಲ್ಲೂ ಅದು ಇರಲಿಲ್ಲ. ತಾಳೆ ಸರಿಯಾಗಿಯೇ ಇತ್ತು. ಅಲ್ಲಿನ ಜನ ಎರಡು ದಿನ ಫೋನ್ ಮಾಡಿ ಬೈದರು. ಅಂದಿನಿಂದ ರುದ್ರಸ್ವಾಮಿ ಸುದ್ದಿಗೆ ಸಂಬಂಧಪಟ್ಟವರನ್ನೇ ಕೇಳಿ, ಕರಡಿನ ಅಂಚಿನಲ್ಲಿ ‘ಖಾತ್ರಿ’ ಎಂದು ಬರೆಯತೊಡಗಿದರು. ಕಳೆದ ವರ್ಷ ಸೇರಿದ ಉಪಸಂಪಾದಕಿ ಸುಷ್ಮಿತಾ ಇದನ್ನೇ ಫ್ಯಾಕ್ಟ್ ಚೆಕ್ ಎನ್ನುತ್ತಾಳೆ.

ಒಂದು ಬೆಳಿಗ್ಗೆ ಕಾಂಪೌಂಡ್ ಮೇಲೆ ಕೂತ ಚಿರತೆಯ ಫೋಟೊ ಎಲ್ಲರ ಮೊಬೈಲಿಗೂ ಬಂತು. ‘ನಿನ್ನೆ ಕುಂಬಾರಕೊಪ್ಪಲಿನಲ್ಲಿ’ ಎಂದಿತ್ತು. ಅದು ಬೇರೆ ರಾಜ್ಯದ, ಮೂರು ವರ್ಷ ಹಳೆಯ ಫೋಟೊ ಎಂದು ಸುಷ್ಮಿತಾ ಹತ್ತೇ ನಿಮಿಷದಲ್ಲಿ ಪತ್ತೆ ಹಚ್ಚಿ, ‘ಚಿರತೆ ಸುದ್ದಿ ಸುಳ್ಳು’ ಎಂದು ಶೀರ್ಷಿಕೆ ಕೊಟ್ಟಳು. ರುದ್ರಸ್ವಾಮಿ ಪುಟ ತಡೆದರು.

“ಫೋಟೊ ಹಳೇದು ಅನ್ನೋದು ಖಾತ್ರಿ ಆಯ್ತಮ್ಮ. ಚಿರತೆ ಬಂದಿಲ್ಲ ಅನ್ನೋದು?”

“ಬಂದಿಲ್ಲ ಅಂತ ಯಾರಾದ್ರೂ ಪ್ರೂವ್ ಮಾಡೋಕಾಗುತ್ತಾ ಸರ್?”

“ಆಗಲ್ಲ. ಅದಕ್ಕೇ ಬರೀಬೇಡಿ ಅಂತಿರೋದು.”

ಇಬ್ಬರೂ ರುದ್ರಸ್ವಾಮಿಯವರ ಸ್ಕೂಟರಿನಲ್ಲಿ ಕುಂಬಾರಕೊಪ್ಪಲಿಗೆ ಹೋದರು. ಬೀದಿಯ ಕೊನೆಯಲ್ಲಿ ಮೇಕೆ ಸಾಕುವ ಬಸಮ್ಮ, ಮೇಕೆಗಳನ್ನೆಲ್ಲ ನಡುಮನೆಯಲ್ಲಿ ಕಟ್ಟಿಹಾಕಿದ್ದರು. ಅಂಗಳದ ಮಣ್ಣಿನಲ್ಲಿ ದೊಡ್ಡ ಹೆಜ್ಜೆ ಗುರುತುಗಳಿದ್ದವು. ಅರಣ್ಯ ಇಲಾಖೆಯ ಗಾರ್ಡ್ ಪುನೀತ್ ಕೂತು ನೋಡುತ್ತಿದ್ದ.

“ಉಗುರು ಮೂಡಿದೆ ಕಣಮ್ಮ. ಚಿರತೆ ನಡೆಯುವಾಗ ಉಗುರು ಒಳಗೆಳ್ಕೊಂಡಿರುತ್ತೆ. ಇದು ನಾಯಿ.”

“ಅಂಗಾದ್ರೆ ಮೇಕೆ ಈಚೆಗೆ ಬುಡ್ಲಾ?”

“ಈ ಹೆಜ್ಜೆ ನಾಯೀದು. ಅಷ್ಟೇ ನಾನು ಹೇಳಬಲ್ಲೆ.”

ಬಸಮ್ಮ ನಡುಮನೆಯತ್ತ ತಿರುಗಿದರು. “ಇವತ್ತೊಂದಿನ ಒಳಗೇ ಇರ್ಲಿ ಬುಡಿ,” ಎಂದು ಬಾಗಿಲು ಹಾಕಿಕೊಂಡರು.

‘ಚಿರತೆ ಫೋಟೊ ಹಳೆಯದು, ಸಿಕ್ಕಿದ್ದು ನಾಯಿ ಹೆಜ್ಜೆ’ ಎಂಬ ಶೀರ್ಷಿಕೆಯೊಂದಿಗೆ ಪತ್ರಿಕೆ ಒಂದೂವರೆ ಗಂಟೆ ತಡವಾಗಿ ಹೊರಬಂತು. ಅಷ್ಟರಲ್ಲಿ ಇನ್ನೊಂದು ಪತ್ರಿಕೆ ‘ಸುಳ್ಳು’ ಎಂದು ಅಚ್ಚುಮಾಡಿ ಬಸ್ ಸ್ಟ್ಯಾಂಡಿನಲ್ಲಿ ಮಾರಾಟವೂ ಆಗಿತ್ತು. ಸಂಪಾದಕರು ಬೈದರು. ಆ ತಿಂಗಳು ಚಿರತೆ ಬರಲಿಲ್ಲ.

“ಆ ಪತ್ರಿಕೆಯವರು ಬರೆದದ್ದೇ ಸರಿ ಆಯ್ತಲ್ಲ ಸರ್,” ಎಂದಳು ಸುಷ್ಮಿತಾ.

“ಹೌದು, ಸರಿ ಆಯ್ತು. ಅವತ್ತು ಅವರಿಗೆ ಗೊತ್ತಿರಲಿಲ್ಲ.”

ರುದ್ರಸ್ವಾಮಿ ಮಾರ್ಚಿನಲ್ಲಿ ನಿವೃತ್ತರಾಗುತ್ತಾರೆ. ಸುಷ್ಮಿತಾ ಈಗಲೂ ಫ್ಯಾಕ್ಟ್ ಚೆಕ್ ಎಂದೇ ಹೇಳುತ್ತಾಳೆ. ಆದರೆ ಶೀರ್ಷಿಕೆಯಲ್ಲಿ ‘ಸುಳ್ಳು’ ಎಂಬ ಪದ ಬಂದ ದಿನ, ಪುಟವನ್ನು ತಾನೇ ಎದ್ದು ಬಂದು ಅವರ ಮೇಜಿನ ಮೇಲಿಡುತ್ತಾಳೆ.