ಒಂದೇ ಕೈಯ ಕ್ಯಾಮೆರಾ

ಪುಣೆಯ ಲಷ್ಕರ ಭಾಗದಲ್ಲಿ ಮೋಹನದಾಸರ ಕ್ಯಾಮೆರಾ ಅಂಗಡಿ. ಅದರ ಗಾಜಿನ ಮೇಜಿನ ಮೇಲೆ ಅಂಬಕ್ಕ ತನ್ನ ಆಸ್ತಿಯನ್ನೆಲ್ಲ ಹರವಿದ್ದಳು: ಹದಿನೈದು ವರ್ಷದ ಲೋಹದ ಕ್ಯಾಮೆರಾ ಬಾಡಿ, ಮೊಳಕೈ ಉದ್ದದ ಝೂಮ್, ಐವತ್ತರ ಲೆನ್ಸು, ಇಪ್ಪತ್ತೆಂಟರ ಪುಟ್ಟ ವೈಡ್ ಲೆನ್ಸು. ಗದಗಿನಿಂದ ಪುಣೆಗೆ ಬಂದು ವಿಮಾ ಕಚೇರಿಯಲ್ಲಿ ಗುಮಾಸ್ತೆಯಾದವಳು, ಸಹ್ಯಾದ್ರಿಯ ಒಂದು ಕೋಟೆಯನ್ನೂ ಬಿಡದೆ ಹತ್ತಿದವಳು. ಆದರೆ ಹೋದ ವರ್ಷ, ಅಂದರೆ 2002ರ ಪಂಢರಪುರದ ಪಾದಯಾತ್ರೆಯಲ್ಲಿ, ದಿವೆ ಘಾಟಿನ ಬುಡದಲ್ಲೇ ಅವಳನ್ನು ಮನೆಗೆ ಕಳಿಸಿದ್ದರು. ಕಳಿಸಿದವಳು ಅವರ ದಿಂಡಿಯ, ಎಂದರೆ ಸಾಲುಗಟ್ಟಿ ಹಾಡುತ್ತ ನಡೆಯುವ ಗುಂಪಿನ, ಹಿರಿಯಳಾದ ಯಂಕವ್ವ. ಫೋಟೋಕ್ಕೆಂದು ಅಂಬಕ್ಕ ಮೂರು ಸಲ ಸಾಲು ಬಿಟ್ಟಿದ್ದಳು. ಈ ಸಲ ಒಂದು ಸಲ ಬಿಟ್ಟರೂ ಶಾಶ್ವತವಾಗಿ ಹೊರಗೆ ಎಂದು ಯಂಕವ್ವ ಮೊದಲೇ ಹೇಳಿದ್ದಳು. ಅಂಬಕ್ಕನಿಗೆ ಸಾಲೂ ಬೇಕು, ಘಾಟಿನ ಫೋಟೋವೂ ಬೇಕು.

"ಝೂಮ್ ತಕೊಂಡು ಹೋಗಿ ಅಂಬಕ್ಕ. ದೂರದಿಂದ ಎಂತ ಚಂದ ಬರ್ತದೆ ಗೊತ್ತುಂಟಾ?" ಎಂದರು ಉಡುಪಿ ಕಡೆಯ ಮೋಹನದಾಸರು.

"ದೂರ ಹೋಗಾಕ ಬಿಟ್ರಲ್ಲರಿ? ನನ್ನ ಮುಂದಿನಾಕಿ ಬೆನ್ನು ನನಗ ನಾಲ್ಕು ಅಡಿ. ಝೂಮಿನ್ಯಾಗ ಬರೇ ಸೆರಗು ಕಾಣ್ತದ."

"ಹಾಗಾದ್ರೆ ನಿಮ್ಮ ಲೋಹದ ಬಾಡಿಗೆ ಇಪ್ಪತ್ತೆಂಟು ಹಾಕಿ."

"ಪ್ರತಿ ಫೋಟೋಕ್ಕೂ ಲಿವರ್ ಎಳದು ರೀಲು ಮುಂದ ಸರಸಬೇಕು. ತಲಿ ಮ್ಯಾಲೆ ತುಳಸಿ ಹೊರೂ ಪಾಳಿ ಬಂದ್ರ ಒಂದು ಕೈ ಅದಕ್ಕ ಹೋಗ್ತದ, ಇದಕ್ಕ ಎರಡನೇ ಕೈ ಎಲ್ಲಿಂದ ತರ್ಲಿ?" ಎನ್ನುತ್ತ ಅವಳು ಕಪಾಟಿನಲ್ಲಿದ್ದ ಹಗುರ ಪ್ಲಾಸ್ಟಿಕ್ ಬಾಡಿಯನ್ನು ತೋರಿಸಿದಳು. ಅದರಲ್ಲಿ ರೀಲು ತಾನೇ ಸುತ್ತಿಕೊಳ್ಳುತ್ತದೆ.

"ಅದು ಆಟಿಕೆ ಮಾರಾಯ್ರೆ."

"ಆಟಿಗೀನ ಕೊಡ್ರಿ."

ಎಡಗೈಯನ್ನು ನೆತ್ತಿಯ ಮೇಲಿಟ್ಟುಕೊಂಡು, ಬಲಗೈಯೊಂದರಲ್ಲೇ ಕ್ಯಾಮೆರಾ ಹಿಡಿದು, ಅವಳು ಅಂಗಡಿಯೊಳಗೇ ನಾಲ್ಕು ಸುತ್ತು ನಡೆದಳು. ಗಿರಾಕಿಗಳು ಬಾಯಿ ಬಿಟ್ಟು ನೋಡಿದರು. ಆಮೇಲೆ ತನ್ನ ವೈಡ್ ಲೆನ್ಸನ್ನು ಅದಕ್ಕೆ ಹಾಕಿ, ಫೋಕಸನ್ನು ಹತ್ತಡಿಗೆ ನಿಲ್ಲಿಸಿ, ಅಲ್ಲಾಡದಂತೆ ಟೇಪು ಸುತ್ತಿದಳು. ಬೆಳಕು ಒಳಬರುವ ಕಿಂಡಿಯನ್ನು ಕಿರಿದು ಮಾಡಿಟ್ಟರೆ ಐದಡಿಯಿಂದ ಬೆಟ್ಟದ ತುದಿಯವರೆಗೆ ಎಲ್ಲವೂ ಸ್ಪಷ್ಟ, ಕಣ್ಣಿಟ್ಟು ನೋಡುವ ಕೆಲಸವೇ ಇಲ್ಲ. ಉಳಿದದ್ದೆಲ್ಲ ಮನೆಯ ಟ್ರಂಕಿಗೆ ಹೋಯಿತು.

ಯಾತ್ರೆಯಲ್ಲಿ ದಿವೆ ಘಾಟಿನ ಅರ್ಧ ಹತ್ತುವಷ್ಟರಲ್ಲಿ, ಸಾಲಿನಲ್ಲಿ ಅಂಬಕ್ಕನ ಪಕ್ಕ ನಡೆಯುತ್ತಿದ್ದ ಭೀಮವ್ವನ ಉಸಿರು ಸೋತಿತು. ಅವಳ ತಲೆಯ ಮೇಲೆ ತುಳಸಿಯ ಹಿತ್ತಾಳೆ ಕಟ್ಟೆ. ನಡೆಯುವಾಗ ಅದನ್ನು ನೆಲಕ್ಕಿಡುವಂತಿಲ್ಲ, ತಲೆಯಿಂದ ತಲೆಗೇ ಹೋಗಬೇಕು.

"ಅಂಬಾ, ಒಂದೀಟು ಹಿಡಿಯವ್ವ."

"ಕೊಡಬೇ."

ತುಳಸಿ ನೆತ್ತಿಗೇರಿತು, ಎಡಗೈ ಅದಕ್ಕೆ ಮೀಸಲಾಯಿತು, ಕತ್ತು ಬಗ್ಗಿಸುವಂತಿಲ್ಲ. ಸರಿಯಾಗಿ ಆಗಲೇ ರಸ್ತೆ ಹೊರಳಿತು. ಮೇಲಿನ ಮೂರು ತಿರುವುಗಳ ತುಂಬ ಸಾವಿರಾರು ಕಾವಿ ಪತಾಕೆಗಳು, ಅವುಗಳ ಮೇಲೆ ಕಪ್ಪು ಮೋಡ, ನಡುವೆ ಒಂದೇ ಒಂದು ಬಿಸಿಲಿನ ಪಟ್ಟಿ! ಹೋದ ವರ್ಷದ ಅಂಬಕ್ಕ ಆಗಿದ್ದರೆ ಬದುವಿನ ಮೇಲೆ ಓಡುತ್ತಿದ್ದಳು. ಈ ಅಂಬಕ್ಕ ಹೆಜ್ಜೆ ತಪ್ಪಿಸದೆ ಬಲಗೈಯನ್ನು ಮಾತ್ರ ಚಾಚಿದಳು. ಕ್ಲಿಕ್, ಸರ್ರ್. ಕ್ಲಿಕ್, ಸರ್ರ್. ನೋಡದೆ ತೆಗೆದಳು, ಸಿಕ್ಕಿದೆ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಸದ್ದಿಗೆ ಯಂಕವ್ವ ಹೊರಳಿ ನೋಡಿದಳು. ಮೊದಲು ಅಂಬಕ್ಕನ ಕಾಲು, ಆಮೇಲೆ ತಲೆಯ ಮೇಲಿನ ತುಳಸಿ, ಕಡೆಗೆ ಕೈ.

"ಸಾಲು ಬಿಟ್ಟಿಯೇನ?"

"ಇಲ್ಲಬೇ."

ಮುದುಕಿ ತಾಳ ಕುಟ್ಟುತ್ತ ನಡೆದಳು. ಘಾಟು ಮುಗಿದು ನೀರಿಗೆ ನಿಂತಾಗ ತಾನೇ ಹತ್ತಿರ ಬಂದಳು.

"ನಾಳೆಯಿಂದ ಮುಂದಿನ ಸಾಲಿನ್ಯಾಗ ನನ್ನ ಜೋಡಿ ನಿಲ್ಲು."

"ಮುಂದ ನಿಂತ್ರ ಬರೇ ಡಾಂಬರು ರಸ್ತೆ ಕಾಣ್ತದಬೇ. ಯಾರ ಫೋಟೋ ತೆಗೀಲಿ?"

"ನೋಡದನ ತೆಗಿಯಾಕಿ ನೀನು," ಎಂದಳು ಯಂಕವ್ವ, "ಕೈ ಹಿಂದಕ್ಕೂ ಹೊಳ್ಳತದಲ್ಲ?"