ಖಾಲಿ ಕೋನುಗಳಿಗೆ ದಾರಿ ತೋರಿದ ವರಲಕ್ಷ್ಮಮ್ಮ

ದೊಡ್ಡಬಳ್ಳಾಪುರದ ಈ ಓಣಿಯಲ್ಲಿ ಮಗ್ಗಗಳು ಇನ್ನೂ ಎದ್ದಿಲ್ಲ. ಮಂಜು ಹೆಂಚುಗಳ ಮೇಲಿಂದ ಮೆಲ್ಲಗೆ ಇಳಿಯುತ್ತಿದೆ. ವರಲಕ್ಷ್ಮಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು, ನೂಲು ಮುಗಿದ ಪ್ಲಾಸ್ಟಿಕ್ ಕೋನೊಂದನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ತಳದಲ್ಲಿ ಉಳಿದ ಎಳೆಯ ತುದಿ ಹುಡುಕಿ ಬಿಡಿಸುತ್ತಾ ಹೋದಂತೆ ನವಿಲುಬಣ್ಣದ ನೂಲು ಗಾಳಿಯಲ್ಲಿ ತೇಲುತ್ತದೆ, ಎಲ್ಲಿಗೋ ಹೊರಟ ಹಾಗೆ ಕಾಣುತ್ತದೆ, ಮತ್ತೆ ಅವರ ಕೈಗೇ ಬಂದು ಸುತ್ತಿಕೊಳ್ಳುತ್ತದೆ. ಬರಿದಾದ ಕೋನು ಚೀಲ ಸೇರುತ್ತದೆ. ಬಿಸಿಲು ಬೀಳುವಷ್ಟರಲ್ಲಿ ಚೀಲ ಅವರಷ್ಟೇ ಎತ್ತರ.

ಇವು ಹೊಸಕೋಟೆ ಬಳಿಯ ಪಿಲ್ಲಗುಂಪೆಯ ನೂಲು ಕಾರ್ಖಾನೆಗೆ ಮರಳುತ್ತವೆ. ಹೊಸ ನೂಲು ಸುತ್ತಿಕೊಂಡು ಮತ್ತೆ ಇದೇ ಓಣಿಗೆ ಬರುತ್ತವೆ. ಮೊದಲು ಹೀಗಿರಲಿಲ್ಲ. ಖಾಲಿಯಾದದ್ದನ್ನೆಲ್ಲ ಓಣಿಯ ಕೊನೆಯಲ್ಲಿ ಸುಡುತ್ತಿದ್ದರು. ಆ ಹೊಗೆಗೆ ಕೆಮ್ಮುತ್ತಲೇ ಮಗ್ಗ ಓಡಿಸುತ್ತಿದ್ದ ವರಲಕ್ಷ್ಮಮ್ಮನವರ ಗಂಡ ಲಕ್ಷ್ಮಣಪ್ಪ ಒಂದು ದಿನ ಉಸಿರು ಸಿಕ್ಕದೆ ಮಗ್ಗದ ಮೇಲೇ ಕುಸಿದರು, ಆಮೇಲೆ ಹೇಗೋ ಚೇತರಿಸಿಕೊಂಡರು.

"ಅವತ್ತು ಹೆದರ್ಬಿಟ್ಟೆ. ಸುಡ್ಬೇಡ್ರಪ್ಪಾ ಅಂದ್ರೆ, ಮತ್ತೆಲ್ಲಿಗೆ ಹಾಕೋಣ ಹೇಳು ಅಂದ್ರು ಓಣಿಯವ್ರು. ಅದೂ ನಿಜಾನೇ ಅಲ್ವಾ?" ಎನ್ನುತ್ತಾರೆ ವರಲಕ್ಷ್ಮಮ್ಮ.

ಆಗ ಕಣ್ಣಿಗೆ ಬಿದ್ದದ್ದು ನೂಲು ಇಳಿಸಿ ಹೊರಟಿದ್ದ ಲಾರಿ. "ಖಾಲಿ ತಾನೇ ಹೋಗ್ತಿರೋದು, ಇವನ್ನೂ ಹಾಕ್ಕೊಂಡು ಹೋಗಪ್ಪಾ" ಎಂದು ಡ್ರೈವರ್ ಕಾಂತರಾಜುವನ್ನು ಒಪ್ಪಿಸಿದರು. ಕಾರ್ಖಾನೆ ಆ ಲೋಡನ್ನು ಹಾಗೇ ವಾಪಸ್ ಕಳಿಸಿತು. ಓಣಿಯವರು ನಕ್ಕರು. ವರಲಕ್ಷ್ಮಮ್ಮ ಕಾರಣ ಕೇಳಲು ಅದೇ ಲಾರಿ ಹತ್ತಿದರು.

ಅಲ್ಲಿನ ಸೂಪರ್‌ವೈಸರ್ ಅನಿತ, ವರಲಕ್ಷ್ಮಮ್ಮನವರನ್ನು ಒಳಗೆ ಕರೆದೊಯ್ದು, ಹಳೆಯ ಕೋನೊಂದನ್ನು ಯಂತ್ರಕ್ಕೆ ಹಾಕಿ ತೋರಿಸಿದರು. ಸುತ್ತಲೂ ಬಣ್ಣದ ನೂಲು ಮೋಡದ ಹಾಗೆ ತಿರುಗುತ್ತಿತ್ತು. ಇದರಲ್ಲಿ ಮಾತ್ರ ಎಳೆ ತಟ್ಟನೆ ಕಡಿಯಿತು. ಉಳಿದ ನೂಲು ಕತ್ತರಿಸಲು ನೇಕಾರರು ಹಾಕಿದ ಬ್ಲೇಡಿನ ಗೀರು ಅದರ ಮೈಮೇಲಿತ್ತು.

"ಇಷ್ಟು ಸಣ್ಣ ಗೀರಿಗೆ ಕಡಿಯುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದರು ವರಲಕ್ಷ್ಮಮ್ಮ. "ಆದ್ರೆ ನೀವು ಒಳಗಿನ ತುದೀಗೆ ಗೋಂದು ಹಚ್ಚಿ ಕಳಿಸ್ತೀರಲ್ಲಮ್ಮಾ, ಅದು ಕೈಲಿ ಬರಲ್ಲ. ಅದಕ್ಕೇ ಬ್ಲೇಡು."

"ಅದು ನಮಗೂ ಗೊತ್ತಿರ್ಲಿಲ್ಲ," ಎಂದು ಅನಿತ ನಕ್ಕರು. "ಗೋಂದು ನಾವು ಬಿಡ್ತೀವಿ. ಬ್ಲೇಡು ನೀವು ಬಿಡ್ಸಿ."

ಕಾರ್ಖಾನೆ ಮಾತು ಉಳಿಸಿಕೊಂಡಿತು. ವರಲಕ್ಷ್ಮಮ್ಮ ಮನೆಮನೆಗೆ ಹೋಗಿ, ಮಗ್ಗದ ಪಕ್ಕದಲ್ಲೇ ಕೂತು ಕೈಯಲ್ಲೇ ಬಿಡಿಸಿ ತೋರಿಸಿದರು. ಪುರುಸೊತ್ತಿಲ್ಲ ಎಂದವರ ಕೋನುಗಳನ್ನು ತಾವೇ ಹೊತ್ತು ತಂದರು. ಈಗ ಓಣಿಯಲ್ಲಿ ಬೆಂಕಿ ಹಾಕುವವರಿಲ್ಲ. ಬಿಡಿಸಿದ ತುಂಡು ಎಳೆಗಳು ದಿಂಬು ಸೇರುತ್ತವೆ.

"ಅದ್ರ ಮೇಲೆ ಮಲಗಿದ್ರೆ ಕನಸೂ ಬಣ್ಣಬಣ್ಣದ್ದೇ ಬೀಳುತ್ತೆ ಕಣಪ್ಪಾ," ಎನ್ನುತ್ತಾರೆ ಲಕ್ಷ್ಮಣಪ್ಪ. ಕೆಮ್ಮು ಪೂರ್ತಿ ಹೋಗಿಲ್ಲ, ಆದರೆ ಮಾತಿನ ನಡುವೆ ನಿಲ್ಲಬೇಕಾಗಿಲ್ಲ.

ಒಂದೊಂದೇ ಮಗ್ಗ ಎಚ್ಚರಗೊಂಡು, ಓಣಿ ದೂರದ ಮಳೆಯಂತೆ ಸದ್ದು ಮಾಡತೊಡಗುತ್ತದೆ. ಪಿಲ್ಲಗುಂಪೆಯಿಂದ ತಿರುಗಿ ಬಂದಾಗ ತಾವು ಬಿಡಿಸಿದ ಕೋನು ಯಾವುದೆಂದು ಗುರುತು ಸಿಗುತ್ತದೆಯೇ ಎಂದು ಕೇಳಿದರೆ ವರಲಕ್ಷ್ಮಮ್ಮ ಇಲ್ಲವೆಂದು ತಲೆಯಾಡಿಸುತ್ತಾರೆ. ಖಾಲಿ ಕೋನಿನ ನುಣುಪು ಮೈಮೇಲೆ ಅವರ ಹೆಬ್ಬೆರಳು ನಿಧಾನಕ್ಕೆ ಓಡಾಡುತ್ತದೆ.

"ಯಾರು ಬಿಡ್ಸಿದ್ದು ಅಂತ ಗೊತ್ತಾಗ್ಬಾರ್ದು. ಗೊತ್ತಾಗ್ದಂಗಿದ್ರೇನೇ ಕೆಲ್ಸ ಚೆನ್ನಾಗಾಗಿದೆ ಅಂತ."